ರೈತರ ಮನೆಗೆ ಸುಧಾರಿತ ಬಚ್ಚಲು ಮನೆ

ದೀಪಾವಳಿಯಲ್ಲಿ ನರಕಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬ. ಅಂದು ಬಚ್ಚಲು ಮನೆಯನ್ನು ತೊಳೆದು, ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಒಲೆಗೆ ಸುಣ್ಣ ಕೆಮ್ಮಣ್ಣು ಬಳಿದು, ಹಂಡೆಯ ಕಂಠಕ್ಕೆ ಹೂವು ಸುತ್ತಿ ಹೊಸ ನೀರು ತುಂಬುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಮನೆಯ ಈ ಭಾಗದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಹೊಗೆ ಹಿಡಿದ ಗೋಡೆ, ಪಾಚಿ ಕಟ್ಟಿದ ಚಪ್ಪಡಿ, ಹಿತ್ತಲಿನಲ್ಲಿ ಮಡುಗಟ್ಟಿ ನಿಂತ ಬಚ್ಚಲ ನೀರು, ಇವು ಇರುವಂಥವೇ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

ಈಗ ಕಾಲ ಬದಲಾಗಿದೆ. ಅಜ್ಜಂಪುರ, ಶಿವನಿ, ತರೀಕೆರೆ, ಕಡೂರು, ಬೀರೂರು ಕಡೆಯ ಹಳ್ಳಿಗಳಲ್ಲಿ ಅಡಿಕೆ, ತೆಂಗು ಅಥವಾ ಈರುಳ್ಳಿಗೆ ಒಳ್ಳೆಯ ಬೆಲೆ ಬಂದ ವರ್ಷ ಮನೆ ರಿಪೇರಿ ಶುರುವಾಗುತ್ತದೆ. ಆಗ ಮನೆಯ ಹೆಣ್ಣುಮಕ್ಕಳು ಮೊದಲು ಕೇಳುವುದು ಒಂದು ಒಳ್ಳೆಯ ಬಚ್ಚಲು ಮನೆಯನ್ನು. ಇದು ನ್ಯಾಯವಾದ ಬೇಡಿಕೆ. ತೆಂಗಿನ ಗರಿಯ ತಡಿಕೆಯ ಮರೆಯಲ್ಲಿ, ಬೆಳಕು ಹರಿಯುವ ಮುಂಚೆ, ಒದ್ದೆ ಬಟ್ಟೆಯಲ್ಲೇ ಸ್ನಾನ ಮುಗಿಸುವ ಕಷ್ಟ ಅವರಿಗೇ ಗೊತ್ತು. ಆದರೆ ಹೊಸ ಬಚ್ಚಲಿಗೆ ಮಾಡುವ ಖರ್ಚೆಲ್ಲ ಗೋಡೆಗೆ ಹಚ್ಚುವ ಹೊಳೆಯುವ ಟೈಲ್ಸಿಗೆ ಹೋಗುತ್ತದೆ. ತೊಂದರೆ ಬರುವುದು ಮಾತ್ರ ನೆಲದಿಂದ ಮತ್ತು ನೆಲದ ಕೆಳಗಿನಿಂದ. ವಾಟ ಸರಿಯಿಲ್ಲದೆ ನೀರು ನಿಲ್ಲುತ್ತದೆ, ನುಣುಪಾದ ನೆಲದಲ್ಲಿ ಅಜ್ಜಿ ಜಾರಿ ಬೀಳುತ್ತಾರೆ, ಹೊರಗೆ ಬಿಟ್ಟ ನೀರು ಪಾಯಕ್ಕೆ ಇಳಿದು ಗೋಡೆ ಬಿರುಕು ಬಿಡುತ್ತದೆ. ಆದ್ದರಿಂದ ಬಚ್ಚಲು ಕಟ್ಟಿಸುವವರು ಟೈಲ್ಸಿನ ಅಂಗಡಿಗೆ ಹೋಗುವ ಮೊದಲು ಗುದ್ದಲಿ ಹಿಡಿದು ಹಿತ್ತಲಿಗೆ ಹೋಗುವುದು ಒಳ್ಳೆಯದು.

ಮೊದಲು ಮಣ್ಣು ನೋಡಿ

ನಮ್ಮ ಭಾಗದಲ್ಲಿ ಎಲ್ಲ ಕಡೆ ಒಂದೇ ಬಗೆಯ ಮಣ್ಣಿಲ್ಲ. ಕಡೂರಿನ ಸುತ್ತ ಕೆಂಪು ಮಣ್ಣು ಹೆಚ್ಚು. ಕೆಲವೆಡೆ ಎರಡು ಮೂರು ಅಡಿ ಅಗೆದರೆ ಗರಸು, ಅದರ ಕೆಳಗೆ ಬಂಡೆ. ಅಜ್ಜಂಪುರದ ಸುತ್ತ ಕರಿಮಣ್ಣಿನ ಪಟ್ಟೆ ಇದೆ. ಹಿಂದೆ ಹತ್ತಿ ಬೆಳೆಯುತ್ತಿದ್ದ ಭೂಮಿ ಅದು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣಿನ ಗುಣವನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿ ಆಗುವುದೇ ಮನೆಯ ಕೆಳಗೂ ಆಗುತ್ತದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ನಿಮ್ಮ ಹಿತ್ತಲಿನ ಮಣ್ಣು ಎಷ್ಟು ನೀರು ಕುಡಿಯುತ್ತದೆ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆ ಇದೆ. ಇಂಗುಗುಂಡಿ ಮಾಡಬೇಕೆಂದಿರುವ ಜಾಗದಲ್ಲಿ, ಗುಂಡಿಯ ತಳ ಬರುವ ಆಳದವರೆಗೆ ಅಗೆದು, ಅದರ ಮಧ್ಯದಲ್ಲಿ ಒಂದು ಅಡಿ ಅಗಲ, ಒಂದು ಅಡಿ ಆಳದ ಕುಳಿ ತೆಗೆಯಿರಿ. ಕುಳಿಯ ಪಕ್ಕಗಳನ್ನು ಕುಡುಗೋಲಿನ ತುದಿಯಿಂದ ಸ್ವಲ್ಪ ಕೆರೆದು, ನೀರು ತುಂಬಿ ರಾತ್ರಿಯೆಲ್ಲ ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ನೀರು ಹಾಕಿ, ಒಂದು ಕಡ್ಡಿ ನೆಟ್ಟು ಗುರುತು ಮಾಡಿ ಗಡಿಯಾರ ನೋಡಿ. ಒಂದು ಗಂಟೆಯಲ್ಲಿ ನೀರು ಒಂದು ಅಂಗುಲವೂ ಇಳಿಯದಿದ್ದರೆ ಆ ಮಣ್ಣಿನಲ್ಲಿ ಇಂಗುಗುಂಡಿಯನ್ನು ನಂಬುವಂತಿಲ್ಲ. ಬೇರೆ ದಾರಿ ಹುಡುಕಬೇಕು. ಅದನ್ನು ಮುಂದೆ ಹೇಳಿದೆ. ಕರಿಮಣ್ಣಿನಲ್ಲಿ ಈ ಪರೀಕ್ಷೆಯನ್ನು ಬಿರುಕು ಬಿಟ್ಟ ಬೇಸಿಗೆಯಲ್ಲಿ ಮಾಡಿ ಮೋಸಹೋಗಬಾರದು. ಬಿರುಕಿನಲ್ಲಿ ಇಳಿದ ನೀರು ಮಣ್ಣು ಕುಡಿದ ನೀರಲ್ಲ. ಎರಡು ಮೂರು ದಿನ ಚೆನ್ನಾಗಿ ನೆನೆಸಿ, ಬಿರುಕು ಮುಚ್ಚಿದ ಮೇಲೆ ಅಳೆಯಬೇಕು.

ನೀರಿನ ಪ್ರಮಾಣವನ್ನೂ ಲೆಕ್ಕ ಹಾಕೋಣ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನ ಗುರಿಯಂತೆ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ನಲ್ಲಿಯಲ್ಲಿ ಬರಬೇಕು. ಐದು ಜನರ ಸಂಸಾರಕ್ಕೆ ಇದು 275 ಲೀಟರ್ ಆಯಿತು. ಇದರಲ್ಲಿ ಮುಕ್ಕಾಲು ಪಾಲು, ಎಂದರೆ 200 ಲೀಟರಿಗೂ ಮೇಲೆ, ಸ್ನಾನ, ಬಟ್ಟೆ, ಪಾತ್ರೆಗಳಿಂದ ಕೊಳೆ ನೀರಾಗಿ ಹೊರಗೆ ಬೀಳುತ್ತದೆ. ಕೊಡದಲ್ಲಿ ಹೊತ್ತು ತರುತ್ತಿದ್ದ ಕಾಲದ ಬಚ್ಚಲ ಗುಂಡಿ ಇಷ್ಟು ನೀರನ್ನು ತಾಳುವುದಿಲ್ಲ. ಊರಿಗೆ ನಲ್ಲಿ ಬಂದ ಮೇಲೆ ಓಣಿಯಲ್ಲಿ ಕೊಚ್ಚೆ ಹೆಚ್ಚಾಗುವುದಕ್ಕೆ ಇದೇ ಕಾರಣ.

ಪಾಯ ಮತ್ತು ನೆಲ

ಬಹಳ ಕಡೆ ಹೊಸ ಬಚ್ಚಲನ್ನು ಹಳೆಯ ಮನೆಯ ಹಿಂದಿನ ಗೋಡೆಗೆ ಆನಿಸಿ ಕಟ್ಟುತ್ತಾರೆ. ಕೆಂಪು ಮಣ್ಣಿನಲ್ಲಿ ಇದರಿಂದ ಹೆಚ್ಚು ತೊಂದರೆ ಇಲ್ಲ. ಕರಿಮಣ್ಣಿನಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಗೋಡೆ ಎಷ್ಟೋ ವರ್ಷಗಳಿಂದ ಕುಳಿತು ನಿಂತಿದೆ, ಹೊಸದು ಇನ್ನು ಕುಳಿತುಕೊಳ್ಳಬೇಕು. ಎರಡನ್ನೂ ಕಚ್ಚು ಕೊಟ್ಟು ಸೇರಿಸಿದರೆ ಸೇರಿದ ಜಾಗದಲ್ಲೇ ಬಿರುಕು ಬರುತ್ತದೆ. ಹೊಸ ಗೋಡೆಯನ್ನು ಹಳೆಯದಕ್ಕೆ ಕಚ್ಚಿಸದೆ ಅರ್ಧ ಅಂಗುಲ ಸಂದು ಬಿಟ್ಟು ಬೇರೆಯಾಗಿ ನಿಲ್ಲಿಸಿ, ಮೇಲೆ ಮಳೆನೀರು ಇಳಿಯದಂತೆ ತಗಡಿನ ಪಟ್ಟಿ ಮುಚ್ಚುವುದು ಲೇಸು. ನೆಲದ ಕೆಳಗಿನ ಕರಿಮಣ್ಣನ್ನು ಆದಷ್ಟು ತೆಗೆದುಹಾಕಿ ಅಲ್ಲಿಗೆ ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಿಮ್ಮಸು ಮಾಡಬೇಕು. ಅಗೆದ ಕರಿಮಣ್ಣನ್ನೇ ಮತ್ತೆ ನೆಲಕ್ಕೆ ತುಂಬುವ ಮೇಸ್ತ್ರಿಗಳು ಇದ್ದಾರೆ, ಅದಕ್ಕೆ ಒಪ್ಪಬೇಡಿ.

ಗರಸಿನ ಮೇಲೆ ನಾಲ್ಕು ಅಂಗುಲ ಜಲ್ಲಿ ಕಾಂಕ್ರೀಟು ಹಾಕಬೇಕು. ನೆಲದ ವಾಟವನ್ನು ಈ ಕಾಂಕ್ರೀಟಿನಲ್ಲೇ ತರಬೇಕು, ಮೇಲಿನ ಗಾರೆಯಲ್ಲಿ ಅಲ್ಲ. ಆರು ಅಡಿ ಉದ್ದದ ಬಚ್ಚಲಿನಲ್ಲಿ ಒಂದು ತುದಿಯಿಂದ ನೀರು ಹೋಗುವ ತೂತಿನವರೆಗೆ ಒಂದೂಕಾಲರಿಂದ ಒಂದೂವರೆ ಅಂಗುಲ ಇಳಿಜಾರು ಸಾಕು. ಇದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಬಹಳ ಹೆಚ್ಚಾದರೆ ಒದ್ದೆ ಕಾಲಿಗೆ ಜಾರುತ್ತದೆ. ತೂತನ್ನು ಬಾಗಿಲಿನಿಂದ ದೂರದ ಮೂಲೆಯಲ್ಲಿಡಿ. ಬಾಗಿಲ ಬುಡದಲ್ಲಿ ತೂತಿಟ್ಟರೆ ಸೋಪಿನ ನೀರೆಲ್ಲ ಬರುವ ಹೋಗುವ ಕಾಲಿನ ಕೆಳಗೆ ಹರಿಯುತ್ತದೆ.

ತೂತಿಗೆ ಬರಿಯ ಜಾಲರಿ ಇಟ್ಟರೆ ಸಾಲದು. ಪೇಟೆಯಲ್ಲಿ ನಹಾನಿ ಟ್ರ್ಯಾಪ್ ಎಂದು ಸಿಗುತ್ತದೆ. ಇದರ ಬಾಗಿದ ಹೊಟ್ಟೆಯಲ್ಲಿ ಎರಡು ಅಂಗುಲದಷ್ಟು ನೀರು ಯಾವಾಗಲೂ ನಿಂತಿರುವುದರಿಂದ ಮೋರಿಯ ನಾತ, ಜಿರಳೆ ಒಳಗೆ ಬರುವುದಿಲ್ಲ. ಕೂದಲು ತೆಗೆಯಲು ಮೇಲಿನ ಜಾಲರಿ ಬಿಚ್ಚುವಂತಿರಬೇಕು. ಟ್ರ್ಯಾಪಿನ ಸುತ್ತಲಿನ ಸಂದಿನಲ್ಲಿ ಗಾರೆ ಸರಿಯಾಗಿ ತುಂಬದಿದ್ದರೆ ನೀರು ಕಣ್ಣಿಗೆ ಕಾಣದಂತೆ ನೆಲದ ಕೆಳಗೆ ಇಳಿಯುತ್ತದೆ. ಕರಿಮಣ್ಣಿನ ಊರುಗಳಲ್ಲಿ ಮಳೆಯಿಲ್ಲದ ತಿಂಗಳಲ್ಲೂ ಬಚ್ಚಲ ನೆಲ ಉಬ್ಬಿ ಒಡೆದಿದ್ದರೆ ಇಂಥ ಸೋರಿಕೆ ಇದೆಯೇ ಎಂದು ಮೊದಲು ನೋಡಬೇಕು. ಈ ಒಂದು ಸಂದಿನ ಕೆಲಸ ನಡೆಯುವಾಗ ಮನೆಯ ಯಜಮಾನರು ಎದುರಿಗೆ ನಿಂತಿದ್ದರೆ ಒಳ್ಳೆಯದು.

ಯಾವ ಕಲ್ಲು, ಯಾವ ಟೈಲ್ಸು

ಬಚ್ಚಲ ನೆಲಕ್ಕೆ ನಮ್ಮ ಹಿರಿಯರು ಹಾಸುತ್ತಿದ್ದ ಉಳಿ ಹೊಡೆದ ಬಂಡೆ ಚಪ್ಪಡಿಗೆ ಸಮನಾದ ವಸ್ತು ಈಗಲೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಅದು ಸವೆಯುವುದಿಲ್ಲ, ಒರಟಾಗಿರುವುದರಿಂದ ಕಾಲು ಹಿಡಿಯುತ್ತದೆ, ಬಿಸಿನೀರು ಬೂದಿ ಯಾವುದಕ್ಕೂ ಹೆದರುವುದಿಲ್ಲ. ಹಳೆಯ ಬಚ್ಚಲು ಕೆಡವುವಾಗ ಚಪ್ಪಡಿಯನ್ನು ದನದ ಕೊಟ್ಟಿಗೆಗೆ ಹಾಕಿ ಬಚ್ಚಲಿಗೆ ಟೈಲ್ಸ್ ತರುವುದನ್ನು ಕಾಣುತ್ತೇವೆ. ಚಪ್ಪಡಿಯನ್ನು ತೊಳೆದು, ಮತ್ತೆ ಮಟ್ಟ ಮಾಡಿ ಹಾಸಿ, ಸಂದಿಗೆ ಸಿಮೆಂಟು ತುಂಬಿದರೆ ಅದೇ ಹೊಸ ನೆಲ.

ಕಡಪ ಕಲ್ಲು ಮತ್ತು ಶಹಾಬಾದ್ ಕಲ್ಲು ಸುಲಭವಾಗಿ ಸಿಗುತ್ತವೆ. ಇವೆರಡೂ ಸುಣ್ಣಕಲ್ಲಿನ ಜಾತಿ. ಬಚ್ಚಲಿಗೆ ಪಾಲಿಷ್ ಮಾಡದ ಕಲ್ಲನ್ನೇ ಕೇಳಿ ತನ್ನಿ. ಇವುಗಳನ್ನು ಆ್ಯಸಿಡ್ ಹಾಕಿ ತೊಳೆಯಬಾರದು. ಕೊಳವೆ ಬಾವಿಯ ಗಡಸು ನೀರಿನಿಂದ ಬಿಳಿ ಕಲೆ ಕಟ್ಟಿತೆಂದು ಆ್ಯಸಿಡ್ ಸುರಿದರೆ ಕಲೆಯ ಜೊತೆಗೆ ಕಲ್ಲಿನ ಮೈ ಮತ್ತು ಸಂದಿನ ಸಿಮೆಂಟು ಎರಡೂ ತಿಂದುಹೋಗುತ್ತವೆ. ಹುಣಸೆಹಣ್ಣು, ನಿಂಬೆಹಣ್ಣೂ ಹುಳಿಯೇ ಆದ್ದರಿಂದ ಹಂಡೆ ಬೆಳಗುವ ಕೆಲಸವನ್ನು ಈ ಕಲ್ಲಿನ ಮೇಲೆ ಮಾಡದಿರುವುದು ಒಳ್ಳೆಯದು.

ಖರ್ಚು ಕಡಿಮೆಯಾಗಬೇಕಾದರೆ ಸಿಮೆಂಟು ಗಾರೆಯ ನೆಲವೇ ಸಾಕು. ಕೆಂಪು ಕಾವಿ ಬೆರೆಸಿ ನುಣ್ಣಗೆ ತಿಕ್ಕಿದ ನೆಲ ಪಡಸಾಲೆಗೆ ಚಂದ, ಬಚ್ಚಲಿಗಲ್ಲ. ಗಾರೆ ಇನ್ನೂ ಹಸಿಯಿರುವಾಗ ಹಗ್ಗ ಅಥವಾ ಮೊಳೆ ಹೊಡೆದ ಹಲಗೆ ಒತ್ತಿ ಗೀರು ಮೂಡಿಸಬೇಕು. ಗೀರುಗಳು ತೂತಿನ ಕಡೆಗೆ ಹೋಗುವಂತಿರಲಿ. ಹಾಕಿದ ಮಾರನೆಯ ದಿನದಿಂದ ಕನಿಷ್ಠ ಏಳು ದಿನ ಒದ್ದೆ ಗೋಣಿಚೀಲ ಹೊದಿಸಿಡಬೇಕು. ಈ ಏಳು ದಿನ ತಾಳ್ಮೆಯಿಲ್ಲದೆ ಮೂರನೆಯ ದಿನವೇ ಬಳಸಿದರೆ ಒಂದೆರಡು ವರ್ಷದಲ್ಲೇ ಗಾರೆ ಪುಡಿಯೇಳುತ್ತದೆ.

ಟೈಲ್ಸ್ ಹಾಕಲೇಬೇಕೆಂದಿದ್ದರೆ ಗೋಡೆಯ ಟೈಲ್ಸನ್ನು ನೆಲಕ್ಕೆ ಹಾಕಬೇಡಿ. ಗೋಡೆಗೆ ಬರುವ ಗ್ಲೇಜ್ ಟೈಲ್ಸ್ ತೆಳು, ನುಣುಪು. ನೆಲಕ್ಕೆಂದೇ ಒರಟು ಮೈಯ, ಜಾರದ ಟೈಲ್ಸ್ ಬೇರೆ ಬರುತ್ತವೆ. ಅಂಗಡಿಯಲ್ಲಿ ಒಂದು ಟೈಲ್ಸನ್ನು ನೆಲದ ಮೇಲಿಟ್ಟು, ನೀರು ಮತ್ತು ಸ್ವಲ್ಪ ಸೋಪು ಹಾಕಿ, ಚಪ್ಪಲಿ ಬಿಟ್ಟು ಅಂಗಾಲಿನಿಂದ ತಿಕ್ಕಿ ನೋಡಿ. ಅಂಗಡಿಯವರು ನಕ್ಕರೆ ನಗಲಿ. ಚಿಕ್ಕ ಅಳತೆಯವು ಒಳ್ಳೆಯವು. ಸಂದುಗಳು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ ಸಿಗುತ್ತದೆ, ವಾಟ ಕೊಡುವುದೂ ಸುಲಭ. ಎರಡೆರಡು ಅಡಿಯ ದೊಡ್ಡ ವಿಟ್ರಿಫೈಡ್ ಟೈಲ್ಸಿನಲ್ಲಿ ಮೂಲೆಗೆ ವಾಟ ತರುವುದು ಕಷ್ಟ. ಗೋಡೆಗೆ ಸೂರಿನವರೆಗೆ ಟೈಲ್ಸ್ ಅಗತ್ಯವಿಲ್ಲ. ನೀರು ಸಿಡಿಯುವ ಕಡೆ ನಾಲ್ಕೈದು ಅಡಿ ಸಾಕು. ಮೇಲೆ ಸಿಮೆಂಟು ಗಿಲಾವು ಮಾಡಿ ಸುಣ್ಣ ಹೊಡೆದರೆ ಗೋಡೆ ಬೇಗ ಆರುತ್ತದೆ. ಹೀಗೆ ಉಳಿದ ಹಣದಲ್ಲಿ ಒಂದು ಒಳ್ಳೆಯ ಟ್ರ್ಯಾಪು, ಒಂದು ದೊಡ್ಡ ಕಿಟಕಿ ಬರುತ್ತವೆ.

ಬಾಗಿಲಿಗೆ ಮರಕ್ಕಿಂತ ಪಿವಿಸಿ ಬಾಗಿಲು ಬಾಳಿಕೆ ಬರುತ್ತದೆ. ಕೊಳವೆಯ ವಿಷಯದಲ್ಲಿ ಒಂದೇ ಮಾತು: ಮಾಮೂಲಿ ಪಿವಿಸಿ ಕೊಳವೆ ತಣ್ಣೀರಿಗೆ ಮಾತ್ರ. ಬಿಸಿನೀರು ಹರಿಯುವಲ್ಲಿ ಸಿಪಿವಿಸಿ ಅಥವಾ ಜಿ.ಐ. ಕೊಳವೆ ಹಾಕಬೇಕು.

ಬಿಸಿನೀರಿನ ಏರ್ಪಾಡು

ಐದು ಜನರಿಗೆ ತಲಾ 20 ಲೀಟರಿನಂತೆ 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು 2,500 ಕಿಲೊ ಕ್ಯಾಲೊರಿ ಶಾಖ ಬೇಕು. ಒಂದು ಕಿಲೊ ಒಣ ಸೌದೆಯಲ್ಲಿ ಸುಮಾರು 3,500 ಕಿಲೊ ಕ್ಯಾಲೊರಿ ಇರುತ್ತದೆ. ಎಲ್ಲ ಶಾಖವೂ ನೀರಿಗೇ ಹೋದರೆ ಮುಕ್ಕಾಲು ಕಿಲೊ ಸೌದೆ ಸಾಕಾಗಬೇಕಿತ್ತು. ಆದರೆ ಬಾಯಿ ತೆರೆದ ಹಳೆಯ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಹಂಡೆಗೆ ತಾಗುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಏಳು ಕಿಲೊ ಬೇಕು. ಒಲೆ ಸುಧಾರಿಸಿ ಹತ್ತರಲ್ಲಿ ಮೂರು ಪಾಲು ತಾಗುವಂತೆ ಮಾಡಿದರೆ ಎರಡೂವರೆ ಕಿಲೊ ಸಾಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಮತ್ತು ಸಹೋದ್ಯೋಗಿಗಳು ಆರಂಭಿಸಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತನ್ನ ವಿಸ್ತರಣಾ ಕೇಂದ್ರವನ್ನು ನಡೆಸಿತು. ಅಲ್ಲಿಂದ ಹೊರಬಂದ ಅಸ್ತ್ರ ಒಲೆಯನ್ನು ಹಿರಿಯರು ಬಲ್ಲರು. ಅದರ ತತ್ವ ಬಚ್ಚಲ ಒಲೆಗೂ ಹೊಂದುತ್ತದೆ. ಸೌದೆಯನ್ನು ನೆಲದ ಮೇಲೆ ಇಡದೆ ಕಬ್ಬಿಣದ ಜಾಲರಿಯ ಮೇಲೆ ಇಡುವುದರಿಂದ ಕೆಳಗಿನಿಂದ ಗಾಳಿ ಸಿಗುತ್ತದೆ, ಬೂದಿ ಕೆಳಗೆ ಉದುರುತ್ತದೆ. ಬೆಂಕಿಯ ಗೂಡು ಮುಚ್ಚಿಕೊಂಡಿರುತ್ತದೆ. ಜ್ವಾಲೆ ಹಂಡೆಯ ಮೈಯನ್ನು ಸುತ್ತಿಕೊಂಡು ಹೋಗುವಂತೆ ಕಿರಿದಾದ ಸಂದು ಇರುತ್ತದೆ. ಹೊಗೆ ಕೊಳವೆಯ ಮೂಲಕ ಸೂರಿನ ಮೇಲಕ್ಕೆ ಹೋಗುತ್ತದೆ. ನಮ್ಮ ಕಡೆ ಸೌದೆಗಿಂತ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಹೆಚ್ಚು. ಸಿಪ್ಪೆ ಒಮ್ಮೆಗೇ ತುಂಬಿದರೆ ಹೊಗೆಯಾಡುತ್ತದೆ; ಚೆನ್ನಾಗಿ ಒಣಗಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ವಿಷಯವಿದೆ. ಹಳೆಯ ಬಚ್ಚಲಿನಲ್ಲಿ ಹೆಂಚಿನ ಸಂದು, ಬೆಳಕಿಂಡಿಗಳಿಂದ ಗಾಳಿಯಾಡುತ್ತಿತ್ತು. ಈಗ ಮೇಲೆ ಆರ್.ಸಿ.ಸಿ., ಸುತ್ತ ಟೈಲ್ಸ್, ಬಿಗಿಯಾದ ಪಿವಿಸಿ ಬಾಗಿಲು. ಇಂಥ ಕೋಣೆಯೊಳಗೆ ಒಲೆ ಉರಿಸಿದರೆ, ಕೆಂಡದ ಬಾಣಲೆ ಇಟ್ಟರೆ, ಗ್ಯಾಸ್ ಗೀಸರ್ ಹಾಕಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ, ಮೈ ಸೋತು, ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇಲ್ಲದೆ ಸ್ನಾನಕ್ಕೆ ಹೋದವರು ಅಲ್ಲೇ ಸಾಯುತ್ತಾರೆ. ಆದ್ದರಿಂದ ಒಲೆಯ ಬಾಯಿ ಗೋಡೆಯ ಹೊರಗಿರಲಿ, ಹಂಡೆಯ ಬಾಯಿ ಮಾತ್ರ ಒಳಗಿರಲಿ. ಗ್ಯಾಸ್ ಗೀಸರನ್ನು ಬಚ್ಚಲ ಹೊರಗಿನ ಗಾಳಿಯಾಡುವ ಗೋಡೆಗೆ ಹಾಕಿ ಕೊಳವೆಯಲ್ಲಿ ಬಿಸಿನೀರು ಒಳಗೆ ತನ್ನಿ. ಸೂರಿನ ಹತ್ತಿರ ಎಂದೂ ಮುಚ್ಚಲಾಗದ ಜಾಲರಿ ಕಿಂಡಿ ಬೇಕೇ ಬೇಕು. ಚಳಿಗೆ ಹೆದರಿ ಅದಕ್ಕೆ ಗೋಣಿ ತುರುಕಬಾರದು.

ವಿದ್ಯುತ್ತಿನಲ್ಲಿ ಕಾಯಿಸಿದರೆ ಮೇಲಿನ 100 ಲೀಟರಿಗೆ ಸುಮಾರು ಮೂರು ಯೂನಿಟ್ ಬೇಕು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೀಟರ್ ಅಗ್ಗವೆಂದು ಮನೆಮನೆಯಲ್ಲೂ ಇದೆ. ಪ್ಲಗ್ ಕೀಳದೆ ನೀರು ಮುಟ್ಟಿ ನೋಡುವ ಅಭ್ಯಾಸ ಅಪಾಯಕರ. ಬರಿಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮನೆಗೆ ಸರಿಯಾದ ಅರ್ತ್ ಇರಬೇಕು, 30 ಮಿಲಿಆಂಪಿಯರಿಗೆ ಬೀಳುವ ಸೋರಿಕೆ ಸ್ವಿಚ್ ಹಾಕಿಸಬೇಕು. ಸ್ವಿಚ್ ಬೋರ್ಡು ಬಚ್ಚಲ ಹೊರಗಿರಲಿ.

ಸೌರ ಹೀಟರ್ ನಮ್ಮ ಬಯಲು ಸೀಮೆಗೆ ಬಹಳ ಸೂಕ್ತ. ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು, ತೆಂಗಿನ ಮರದ ನೆರಳು ಬೀಳಬಾರದು. ಕೊಳವೆ ಬಾವಿಯ ಗಡಸು ನೀರು ಫಲಕದ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿ ಮುಚ್ಚಿಬಿಡುತ್ತದೆ. ಅಂಥ ನೀರಿದ್ದಲ್ಲಿ ಗಾಜಿನ ಕೊಳವೆಯ ಮಾದರಿ ಮೇಲು. ಅದನ್ನೂ ಆಗಾಗ್ಗೆ ಬಿಚ್ಚಿ ತೊಳೆಸಬೇಕು. ತರೀಕೆರೆ, ಲಕ್ಕವಳ್ಳಿ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಇರುವುದರಿಂದ ಹಂಡೆ ಒಲೆಯನ್ನು ಕೆಡವಬೇಡಿ.

ಬಾಣಂತಿಗೆ, ವೃದ್ಧರಿಗೆ, ಹೊಲದಿಂದ ಬಂದವರಿಗೆ

ಪಟ್ಟಣದ ನಕ್ಷೆ ನೋಡಿ ನಾಲ್ಕಡಿ ಚೌಕದ ಬಚ್ಚಲು ಕಟ್ಟಿಸುವವರು ಮನೆಯಲ್ಲಿ ಬಾಣಂತಿ ಬಂದಾಗ ಪರದಾಡುತ್ತಾರೆ. ಕಾಲು ಚಾಚಿ ಕುಳಿತು ಮಗುವನ್ನು ಕಾಲ ಮೇಲೆ ಮಲಗಿಸಿ ನೀರೆರೆಯಲು, ಪಕ್ಕದಲ್ಲಿ ಇನ್ನೊಬ್ಬರು ನಿಂತು ನೀರು ಹುಯ್ಯಲು ಜಾಗ ಬೇಕು. ಆರು ಅಡಿ ಉದ್ದ, ಐದು ಅಡಿ ಅಗಲಕ್ಕೆ ಕಡಿಮೆ ಮಾಡಬೇಡಿ. ಹಂಡೆ ಒಳಗೇ ಬರುವುದಾದರೆ ಅದರ ಜಾಗ ಬೇರೆ. ಒಂದು ಗೋಡೆಗೆ ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ ಇಟ್ಟರೆ ಮಂಡಿ ನೋವಿನವರು ಕುಳಿತು ಸ್ನಾನ ಮಾಡಬಹುದು. ಕಟ್ಟೆಯ ಪಕ್ಕ ಎರಡೂಮುಕ್ಕಾಲು ಅಡಿ ಎತ್ತರದಲ್ಲಿ ಕಬ್ಬಿಣದ ಕೊಳವೆಯ ಹಿಡಿಯನ್ನು ಗೋಡೆಗೆ ಗಟ್ಟಿಯಾಗಿ ಹುಗಿಸಿ. ಟವೆಲ್ ಹಾಕುವ ಸ್ಟೀಲ್ ಕಡ್ಡಿ ಈ ಕೆಲಸಕ್ಕೆ ಬರುವುದಿಲ್ಲ. ಭಾರ ಬಿದ್ದರೆ ಕಿತ್ತು ಬರುತ್ತದೆ. ಎಣ್ಣೆಸ್ನಾನದ ದಿನ ಕಡೆಯಲ್ಲಿ ಸ್ನಾನ ಮಾಡುವವರು ಹೆಚ್ಚಾಗಿ ಮನೆಯ ಹೆಂಗಸರು. ಅಷ್ಟು ಹೊತ್ತಿಗೆ ನೆಲವೆಲ್ಲ ಎಣ್ಣೆಯಾಗಿರುತ್ತದೆ. ಸೀಗೆಪುಡಿ ಹಾಕಿ ತಿಕ್ಕಿ ತೊಳೆಯುವ ಕೆಲಸವನ್ನು ಅವರಿಗೂ ಮುಂಚೆ ಸ್ನಾನ ಮಾಡಿದವರು ಮುಗಿಸಿ ಬರುವುದು ನ್ಯಾಯ.

ಬಾಗಿಲು ಎರಡೂವರೆ ಅಡಿಗೆ ಕಡಿಮೆಯಿರಬಾರದು, ಮತ್ತು ಅದು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರಿಗೆ ತೆಗೆಯಲಾಗುವುದಿಲ್ಲ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿ.

ಬಚ್ಚಲ ಹೊರಗೆ ಒಂದು ನಲ್ಲಿ, ಒಂದು ಬಂಡೆಕಲ್ಲು ಇರಲಿ. ಕೆಸರು ಕಾಲನ್ನು ಅಲ್ಲೇ ತೊಳೆಯಬಹುದು. ಔಷಧಿ ಸಿಂಪಡಿಸಿ ಬಂದವರು ಮನೆಯೊಳಗೆ ಕಾಲಿಡುವ ಮೊದಲು ಬಟ್ಟೆಯನ್ನು ಅಲ್ಲೇ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆದುಕೊಳ್ಳಬೇಕು. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬಾರದು. ಆ ನೀರು ಕೈತೋಟದ ತರಕಾರಿಗೂ, ದನ ಕುಡಿಯುವ ತೊಟ್ಟಿಯ ಕಡೆಗೂ ಹೋಗಬಾರದು.

ಬಚ್ಚಲ ನೀರು ಎಲ್ಲಿಗೆ?

ನೀರು ಇಂಗುವ ಕೆಂಪು ಮಣ್ಣಿನಲ್ಲಿ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ಒಂದು ಸಂಸಾರದ ಬಚ್ಚಲ ನೀರಿಗೆ ಸಾಕು. ತಳದಲ್ಲಿ ದೊಡ್ಡ ಕಲ್ಲು, ಮೇಲೆ ಬರುಬರುತ್ತ ಸಣ್ಣ ಕಲ್ಲು ತುಂಬಿ, ನಡುವೆ ತೂತು ಮಾಡಿದ ಮಡಕೆ ಇಟ್ಟು ಅದರಲ್ಲಿ ತೆಂಗಿನ ನಾರು ಹಾಕಬೇಕು. ಕೂದಲು, ಸೋಪಿನ ಜಿಡ್ಡು ನಾರಿನಲ್ಲಿ ನಿಲ್ಲುತ್ತದೆ. ನಾರನ್ನು ಹದಿನೈದು ದಿನಕ್ಕೊಮ್ಮೆ ಬದಲಿಸಿದರೆ ಗುಂಡಿ ಬಹಳ ವರ್ಷ ಬಾಳುತ್ತದೆ, ಇಲ್ಲವಾದರೆ ಬೇಗನೆ ಕಟ್ಟಿಕೊಳ್ಳುತ್ತದೆ. ಗುಂಡಿ ಮನೆಯ ಪಾಯದಿಂದ ಆದಷ್ಟು ದೂರವಿರಲಿ.

ಕರಿಮಣ್ಣಿನಲ್ಲಿ ಆಳದ ಗುಂಡಿ ಬೇಡ. ಅದು ಮಳೆಗಾಲದಲ್ಲಿ ನೀರು ತುಂಬಿದ ಬಾವಿಯಾಗುತ್ತದೆ. ಇಲ್ಲಿ ನೀರನ್ನು ಕೆಳಗೆ ಇಳಿಸುವುದಕ್ಕಿಂತ ಅಗಲವಾಗಿ ಹರಡಿ ಗಿಡಗಳಿಗೆ ಕುಡಿಸುವುದೇ ಜಾಣತನ. ಬಚ್ಚಲಿನಿಂದ ಬಂದ ನೀರನ್ನು ಮೊದಲು ಒಂದೂವರೆ ಅಡಿ ಚೌಕದ ತೊಟ್ಟಿಗೆ ಬಿಟ್ಟು ಕಸ ತಡೆದು, ಅಲ್ಲಿಂದ ಮುಚ್ಚಿದ ಕೊಳವೆಯಲ್ಲಿ ಹಿತ್ತಲಿಗೆ ಒಯ್ಯಿರಿ. ಒಂದು ಅಡಿ ಆಳದ ಉದ್ದನೆಯ ಕಾಲುವೆಗೆ ಜಲ್ಲಿ, ತೆಂಗಿನ ಸಿಪ್ಪೆ ತುಂಬಿ ಎರಡೂ ಬದಿಗೆ ಬಾಳೆ ನೆಡಿ. ಇಂಥ ಎರಡು ಕಾಲುವೆಗಳಿದ್ದರೆ ವಾರಕ್ಕೊಂದರಂತೆ ಬದಲಿಸಬಹುದು. ತೆಂಗಿನ ಪಾತಿಗೂ ಬಿಡಬಹುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬಿಡಬಾರದು.

ಸೋಪು ಮತ್ತು ಬಟ್ಟೆ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಜಿಗಟು ಮಣ್ಣಿಗೆ ಅದೇ ನೀರನ್ನು ಸದಾ ಬಿಟ್ಟರೆ ಮಣ್ಣಿನ ಕಣಗಳು ಕದಡಿ, ಒಣಗಿದಾಗ ಗಟ್ಟಿಯಾಗಿ ನೀರೇ ಇಳಿಯದಂತಾಗುತ್ತದೆ; ಚೌಳು ಭೂಮಿಯಲ್ಲಿ ನೋಡುವಂಥದೇ ಸ್ಥಿತಿ. ಕಾಲುವೆ ಬದಲಿಸುವುದು, ನಡುನಡುವೆ ಒಳ್ಳೆಯ ನೀರು ಬಿಡುವುದು, ಕೊಟ್ಟಿಗೆ ಗೊಬ್ಬರ ಮತ್ತು ಸ್ವಲ್ಪ ಜಿಪ್ಸಂ ಹಾಕುವುದು ಇದಕ್ಕೆ ಉಪಾಯ.

ನಿಂತ ಕೊಳೆ ನೀರಿನಲ್ಲಿ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುತ್ತದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ಬಚ್ಚಲ ಒಳಗಿನ ತೊಟ್ಟಿ, ಡ್ರಮ್ಮುಗಳ ತಿಳಿನೀರಿನಲ್ಲಿ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಪಕ್ಕಗಳನ್ನು ತೆಂಗಿನ ನಾರಿನಿಂದ ತಿಕ್ಕಿ, ಒಣಗಿಸಿ ತುಂಬಬೇಕು.

ಕಕ್ಕಸಿನ ಗುಂಡಿ

ಕಕ್ಕಸನ್ನು ಬಚ್ಚಲಿಗೆ ಸೇರಿಸಿಯೇ ಕಟ್ಟಿದರೂ ಬಾಗಿಲು ಬೇರೆಯಿದ್ದರೆ ತುಂಬು ಸಂಸಾರಕ್ಕೆ ಬೆಳಗಿನ ಹೊತ್ತು ಅನುಕೂಲ. ಎರಡರ ನೀರೂ ಒಂದೇ ಗುಂಡಿಗೆ ಹೋಗಬಾರದು. ಇದು ಮುಖ್ಯ.

ಈಗ ಹಳ್ಳಿಗಳಲ್ಲಿ ಸಿಮೆಂಟು ರಿಂಗ್ ಇಳಿಸಿ ಹದಿನೈದು ಇಪ್ಪತ್ತು ಅಡಿ ಆಳದ ಒಂದೇ ಗುಂಡಿ ಮಾಡುವ ರೂಢಿ ಬೆಳೆದಿದೆ. ಆಳವಿದ್ದರೆ ತುಂಬುವುದಿಲ್ಲ ಎಂಬ ನಂಬಿಕೆ. ಆಳಕ್ಕೆ ಹೋದಷ್ಟೂ ಮಲ ನೀರಿನ ಸೆಲೆಗೆ ಹತ್ತಿರವಾಗುತ್ತದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಬಂಡೆಯ ಬಿರುಕಿನಲ್ಲಿ ಇಳಿದ ಕೊಳೆ ಎಷ್ಟು ದೂರದ ಕೊಳವೆ ಬಾವಿಯಲ್ಲಿ ಏಳುತ್ತದೆಂದು ಹೇಳಲಾಗದು. ತುಂಬಿದಾಗ ಅದನ್ನು ಖಾಲಿ ಮಾಡುವವರು ಯಾರು? ಮನುಷ್ಯರನ್ನು ಇಳಿಸಿ ಮಲ ತೆಗೆಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಗುಂಡಿಯ ವಿಷಗಾಳಿಗೆ ಇಳಿದವರ ಪ್ರಾಣ ಹೋಗುತ್ತದೆ.

ಇದರ ಬದಲು ಎರಡು ಚಿಕ್ಕ ಗುಂಡಿ ಮಾಡಿ. ಐದು ಜನರಿಗೆ ಒಳ ಅಗಲ ಮೂರೂಕಾಲು ಅಡಿ, ಆಳ ಸುಮಾರು ನಾಲ್ಕು ಅಡಿಯ ದುಂಡನೆಯ ಗುಂಡಿ, ಗೋಡೆಯ ಇಟ್ಟಿಗೆಗಳ ನಡುವೆ ಜೇನುಗೂಡಿನಂತೆ ಕಿಂಡಿ, ತಳಕ್ಕೆ ಗಾರೆ ಇಲ್ಲ. ಎರಡು ಗುಂಡಿಗಳ ನಡುವೆ ಕನಿಷ್ಠ ಮೂರೂಕಾಲು ಅಡಿ ಅಂತರ ಬೇಕು. ಒಂದು ಚಿಕ್ಕ ಚೇಂಬರಿನಿಂದ ಎರಡೂ ಗುಂಡಿಗೆ ಕೊಳವೆ ಹೋಗುತ್ತದೆ. ಒಂದಕ್ಕೆ ಇಟ್ಟಿಗೆ ಅಡ್ಡವಿಟ್ಟು ಇನ್ನೊಂದನ್ನು ಬಳಸಬೇಕು. ಮೂರು ವರ್ಷದ ಹೊತ್ತಿಗೆ ಮೊದಲನೆಯದು ತುಂಬಿದಾಗ ಇಟ್ಟಿಗೆ ಬದಲಿಸಿದರಾಯಿತು. ಮುಚ್ಚಿಟ್ಟ ಗುಂಡಿ ಎರಡು ವರ್ಷದಲ್ಲಿ ವಾಸನೆಯಿಲ್ಲದ ಕರಿ ಗೊಬ್ಬರವಾಗುತ್ತದೆ. ಅದನ್ನು ಅಡಿಕೆ, ತೆಂಗಿನ ಬುಡಕ್ಕೆ ಹಾಕಬಹುದು. ಕಡಿದಾದ ಇಳಿಜಾರಿನ ಗ್ರಾಮೀಣ ಪ್ಯಾನ್ ಮತ್ತು ಮುಕ್ಕಾಲು ಅಂಗುಲ ನೀರು ನಿಲ್ಲುವ ಟ್ರ್ಯಾಪ್ ಹಾಕಿದರೆ ಒಂದೂವರೆ ಎರಡು ಲೀಟರ್ ನೀರು ಹುಯ್ದರೆ ಸಾಕು. ಆ್ಯಸಿಡ್, ಫಿನಾಯಿಲ್ ಸುರಿದರೆ ಮಲವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ.

ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರ್, ಎಂದರೆ 33 ಅಡಿ ದೂರ ಬಿಡಬೇಕು. ಜಾಗವಿದ್ದರೆ ಇನ್ನೂ ಹೆಚ್ಚು ಬಿಡಿ. ಗುಂಡಿಯ ತಳ ಮಳೆಗಾಲದ ಅಂತರ್ಜಲದ ಮಟ್ಟಕ್ಕಿಂತ ಎರಡು ಮೀಟರ್ ಮೇಲಿರಬೇಕು. ಕರಿಮಣ್ಣಿನಲ್ಲಿ ಗುಂಡಿಯ ಗೋಡೆಯ ಸುತ್ತ ಹೊರಗಡೆ ಒಂದು ಅಡಿ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ತುಂಬಬೇಕು. ಇದರಿಂದ ಉಬ್ಬುವ ಮಣ್ಣು ಕಿಂಡಿಗಳನ್ನು ಮುಚ್ಚುವುದಿಲ್ಲ, ನೀರು ಇಂಗಲು ಹೆಚ್ಚು ಮೈ ಸಿಗುತ್ತದೆ. ಕಡೂರು ಕಡೆ ಮೂರಡಿಗೇ ಬಂಡೆ ಸಿಕ್ಕರೆ ಗುಂಡಿಯನ್ನು ಅರ್ಧ ನೆಲದ ಮೇಲೆ ಎತ್ತಿ ಕಟ್ಟಿ ಸುತ್ತ ಮಣ್ಣು ಏರಿಸಬಹುದು; ಆಗ ಕಕ್ಕಸಿನ ನೆಲವೂ ಮೆಟ್ಟಿಲಿಟ್ಟು ಎತ್ತರವಾಗಬೇಕು.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಮನೆಯ ಕಕ್ಕಸಿಗೆ 12,000 ರೂಪಾಯಿ ಪ್ರೋತ್ಸಾಹಧನ ಗೊತ್ತುಪಡಿಸಲಾಯಿತು. 2020ರಿಂದ ನಡೆದ ಎರಡನೆಯ ಹಂತದಲ್ಲಿ ಬಚ್ಚಲ ನೀರಿನ ವಿಲೇವಾರಿಗೂ ಒತ್ತು ಕೊಡಲಾಯಿತು. ಈಗಿನ ನಿಯಮ ಮತ್ತು ಮೊತ್ತವನ್ನು ಕೆಲಸ ಆರಂಭಿಸುವ ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು.

ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಗುಂಡಿ ಮೊದಲು, ಕೊಳವೆ ಆಮೇಲೆ, ನೆಲ ಕೊನೆಗೆ. ಮೇಸ್ತ್ರಿಗೆ ಕಡೆಯ ಹಣ ಕೊಡುವ ಮುಂಚೆ ಎರಡು ಕೊಡ ನೀರನ್ನು ನೆಲದ ಮೇಲೆ ಚೆಲ್ಲಿ ಹತ್ತು ನಿಮಿಷ ಕಾಯಿರಿ. ನೀರು ನಿಂತ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ ಒಂದು ಅಂಗುಲ ನೀರು ನಿಲ್ಲಿಸಿ, ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ನೀರಿನ ಮಟ್ಟ ಇಳಿದಿದ್ದರೆ ಅಥವಾ ಹೊರಗಿನ ಗೋಡೆಯ ಬುಡ ಒದ್ದೆಯಾಗಿದ್ದರೆ ಸಂದು ಬಿಚ್ಚಿಸಿ ಮತ್ತೆ ತುಂಬಿಸಬೇಕು.